ಅಕ್ಕನ ಖೋಲಿಯ ತೊಲೆ

ಆ ಖೋಲಿ ಬೀಳುವಂತಿರಲಿಲ್ಲ. ಬೀಳುತ್ತದೆ ಎಂದು ಅಕ್ಕನಿಗೆ ಹೇಳಿದವನು ನಾನು. ಮೇಸ್ತ್ರಿ ಹೇಳಿದ್ದಾನೆ ಎಂದು ಅವನ ಹೆಸರನ್ನೂ ಸೇರಿಸಿ ಹೇಳಿದೆ — ಮೇಸ್ತ್ರಿ ಹೇಳಿದ್ದು ಅದಕ್ಕೆ ತದ್ವಿರುದ್ಧ. ಇಪ್ಪತ್ತೆಂಟು ವರ್ಷ ಈ ಮಾತು ನನ್ನೊಬ್ಬನ ಹತ್ತಿರವೇ ಇತ್ತು. ಮೊದಮೊದಲು ಚುಚ್ಚುತ್ತಿತ್ತು, ಆಮೇಲೆ ನಿಂತಿತು. ನಿಂತದ್ದು ಸಮಾಧಾನದಿಂದ ಅಲ್ಲ. ಬಹಳ ಹೊತ್ತು ಮಡಚಿ ಕೂತ ಕಾಲಿನ ಹಾಗೆ ಜೋಮು ಹಿಡಿದು. ಆ ಜೋಮಿನಲ್ಲೇ ನೌಕರಿ ಮಾಡಿದೆ, ಮಕ್ಕಳನ್ನು ಓದಿಸಿದೆ, ಮನೆ ರಿಪೇರಿ ಮಾಡಿಸಿದೆ, ನಿವೃತ್ತನೂ ಆದೆ. ಇದನ್ನು ಬರೆಯುವಾಗಲೂ ಕಣ್ಣಲ್ಲಿ ನೀರು ಬರುತ್ತಿಲ್ಲ. ಬಂದಿದ್ದರೆ ಓದುವವರಿಗೆ ನನ್ನನ್ನು ಕ್ಷಮಿಸಲು ಅನುಕೂಲವಾಗುತ್ತಿತ್ತೇನೋ.

ನಮ್ಮ ಮನೆ ಸೇಡಂನ ಹಳೆಯ ಓಣಿಯಲ್ಲಿದೆ. ಅಜ್ಜ ಕಟ್ಟಿಸಿದ್ದು. ಶಹಾಬಾದ್ ಕಲ್ಲಿನ ಗೋಡೆ, ಸಾಗವಾನಿ ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ಕಲ್ಲಿನ ಹಾಸು, ಅದರ ಮೇಲೆ ಗೇಣು ದಪ್ಪ ಮಣ್ಣು. ಇಂಥ ಮಾಳಿಗೆ ಮನೆಗೆ ವರ್ಷಕ್ಕೊಂದು ಸೇವೆ ತಪ್ಪದೇ ಸಲ್ಲಬೇಕು. ಜೂನಿನ ಮಿರಗದ ಮಳೆ ಬೀಳುವ ಮುಂಚೆ ಸವಳು ಮಣ್ಣು ತಂದು ಮಾಳಿಗೆಯ ಮೇಲೆಲ್ಲ ಹರಡಬೇಕು, ನೀರು ಚಿಮುಕಿಸಿ ತುಳಿಯಬೇಕು, ಹಲಗೆಯಿಂದ ಬಡಿದು ಕೂರಿಸಬೇಕು. ಸವಳಿನ ಮೇಲೆ ಹುಲ್ಲು ಹುಟ್ಟುವುದಿಲ್ಲ, ಅದರೊಳಗೆ ನೀರು ಇಳಿಯುವುದಿಲ್ಲ. ಒಂದು ವರ್ಷ ತಪ್ಪಿಸಿದರೆ ಆ ವರ್ಷದ ಮಳೆ ಮನೆಯೊಳಗೇ ಬೀಳುತ್ತದೆ. ಮನೆ ಕಟ್ಟಿ ನೋಡು ಎಂದು ಎಲ್ಲರೂ ಹೇಳುತ್ತಾರೆ. ಕಟ್ಟಿದ ಮನೆ ಉಳಿಸಿ ನೋಡು ಎಂದು ಹೇಳಿದವರನ್ನು ನಾನು ಕಂಡಿಲ್ಲ. ಉಳಿಸುವ ಕೆಲಸ ನನಗೆ ಚೆನ್ನಾಗಿ ಬರುತ್ತಿತ್ತು. ಬರುತ್ತಿದ್ದುದರಿಂದಲೇ ತಪ್ಪಿಸುವುದೂ ಬಂತು.

ಅಕ್ಕನ ಹೆಸರು ಸೂಗಮ್ಮ. ನನಗಿಂತ ಆರು ವರ್ಷ ದೊಡ್ಡವಳು. ಚಿಂಚೋಳಿ ತಾಲ್ಲೂಕಿನ ಕೊಡ್ಲಿಗೆ ಕೊಟ್ಟಿದ್ದರು. ಬಹಳ ವರ್ಷ ಮಕ್ಕಳಾಗಲಿಲ್ಲ. ಹರಕೆ ಹೊತ್ತ ಮೇಲೆ ಒಬ್ಬಳು ಮಗಳು ಹುಟ್ಟಿದಳು, ರೇಣುಕಾ. ಮಗಳಿಗೆ ವರ್ಷ ತುಂಬುವ ಮೊದಲೇ ತೊಗರಿ ಹೊಲದಲ್ಲಿ ಭಾವನಿಗೆ ಹಾವು ಕಚ್ಚಿತು, ಉಳಿಯಲಿಲ್ಲ. ಅಪ್ಪ ಹೋಗಿ ತಾಯಿ-ಮಗಳಿಬ್ಬರನ್ನೂ ಕರೆದುಕೊಂಡು ಬಂದರು. ಹಿಂದಿನ ಖೋಲಿ ಕೊಟ್ಟರು. ಮೂಡಣಕ್ಕೆ ಕಿಟಕಿ, ಮೂಲೆಯಲ್ಲಿ ಅವಳದೇ ಒಲೆ, ಬಾವಿಯ ಕಡೆಗೆ ಒಂದು ಬಾಗಿಲು. ಅಕ್ಕ ಓಣಿಯ ಅಂಗನವಾಡಿಯಲ್ಲಿ ಸಹಾಯಕಿಯಾಗಿ ಸೇರಿದಳು. ಬೆಳಿಗ್ಗೆ ಅಂಗನವಾಡಿ, ಮಧ್ಯಾಹ್ನದ ಮೇಲೆ ತನ್ನ ಖೋಲಿ, ತನ್ನ ಮಗಳು. ನಮ್ಮ ಒಲೆಗೆ ಒಂದು ದಿನವೂ ಕೈ ಚಾಚಿದವಳಲ್ಲ.

ಅಪ್ಪ ತೀರುವ ವರ್ಷ ಓಣಿಯ ಇಬ್ಬರು ಹಿರಿಯರನ್ನು ಕೂರಿಸಿಕೊಂಡು ನನಗೆ ಹೇಳಿದರು — "ಆ ಖೋಲಿ ನಿಂತಿರೋ ತನಕ ಸೂಗಮ್ಮಂದು. ಆಕಿನ್ನ ಯಾರೂ ಎಬ್ಬಸಬಾರದು." ಕಾಗದವಿಲ್ಲ, ಸಹಿ ಇಲ್ಲ. ಅಪ್ಪನ ಮಾತಿಗೆ ನಮ್ಮಲ್ಲಿ ಕಾಗದದ ಗರಜು ಇರಲಿಲ್ಲ. ನಾನು ಹೂಂ ಎಂದೆ. ಆ ಹೂಂ ಹೇಳುವಾಗ ನನ್ನ ಮನಸ್ಸಿನಲ್ಲಿ ಕಪಟವಿರಲಿಲ್ಲ — ಇದನ್ನು ನಿಜವೆಂದೇ ನೆನೆಯುತ್ತೇನೆ.

ಅಪ್ಪ ಹೋಗಿ ಎರಡು ವರ್ಷಕ್ಕೆ ಕಪಟ ಬಂತು. ಬಂದದ್ದು ಎಂಥ ಸಣ್ಣ ದಾರಿಯಿಂದ ಎಂದು ಹೇಳಲು ನಾಚಿಕೆಯಾಗುತ್ತದೆ. ನಾನು ಹೈಸ್ಕೂಲಿನ ಕಚೇರಿಯಲ್ಲಿ ಗುಮಾಸ್ತ. ಶಹಾಬಾದಿನಲ್ಲಿ ನನ್ನ ಜೊತೆಯವನೊಬ್ಬನ ಹೊಸ ಮನೆ ನೋಡಲು ಹೋಗಿದ್ದೆ. ಅವನ ಹೆಂಡತಿ ನಿಂತುಕೊಂಡು ಅಡುಗೆ ಮಾಡುತ್ತಿದ್ದಳು. ನಯವಾಗಿ ಪಾಲಿಶ್ ಮಾಡಿದ ಕಲ್ಲಿನ ಕಟ್ಟೆ, ಅದರ ಪಕ್ಕದಲ್ಲೇ ನಲ್ಲಿ, ಗೋಡೆಗೆ ಬಿಳಿ ಟೈಲ್ಸು. ನನ್ನ ಹೆಂಡತಿ ಮಹಾದೇವಿ ಪಡಸಾಲೆಯ ಮೂಲೆಯಲ್ಲಿ ಕೂತು, ಹೊಗೆಯಲ್ಲಿ, ಎರಡು ಮಕ್ಕಳನ್ನು ಸರಿಸುತ್ತ ರೊಟ್ಟಿ ಬಡಿಯುತ್ತಿದ್ದಳು. ನಮಗೆ ಬಚ್ಚಲು ಎಂದರೆ ನಾಲ್ಕು ಚಪ್ಪಡಿಯ ಮರೆ. ಹಿಂದಿನ ಖೋಲಿ ಒಂದು ಸಿಕ್ಕರೆ ಅಡುಗೆಮನೆ, ಬಚ್ಚಲು ಎರಡೂ ಆಗುತ್ತವೆ ಎಂದು ಬಸ್ಸಿನಲ್ಲಿ ಬರುವಾಗಲೇ ಲೆಕ್ಕ ಹಾಕಿದೆ. ಮಹಾದೇವಿ ಒಂದು ದಿನವೂ ಅಕ್ಕನನ್ನು ಕಳಿಸು ಎಂದವಳಲ್ಲ. ಅಂದಿದ್ದಳು ಎಂದು ಬರೆದುಬಿಟ್ಟರೆ ನನ್ನ ಪಾಲು ಅರ್ಧವಾಗುತ್ತದೆ. ಅನ್ನಲಿಲ್ಲ.

ಅಪ್ಪನ ಮಾತು ಮೀರುವ ಧೈರ್ಯವಿರಲಿಲ್ಲ. ಓಣಿ ಮುಖಕ್ಕೆ ಉಗಿಯುತ್ತದೆ. ಆದರೆ ಅಪ್ಪನ ಮಾತಿನಲ್ಲೇ ಒಂದು ಸಂದಿ ಇತ್ತು — ನಿಂತಿರುವ ತನಕ. ನಿಲ್ಲದಿದ್ದರೆ?

ಆ ಬೇಸಿಗೆ ಸವಳು ಹರಡಲು ಮಾಳಿಗೆ ಹತ್ತಿದವನು ನಾನೊಬ್ಬನೇ. ಪಡಸಾಲೆಯ ಮೇಲೆ ಹರಡಿದೆ, ದೇವರ ಮನೆಯ ಮೇಲೆ ಹರಡಿದೆ, ನಡುಮನೆಯ ಮೇಲೆ ಹರಡಿದೆ. ಅಕ್ಕನ ಖೋಲಿಯ ಗೆರೆಗೆ ಬಂದು ಸವಳಿನ ಪುಟ್ಟಿ ಕೆಳಗಿಟ್ಟೆ. ಕೆಳಗೆ ಅಕ್ಕ ಒಲೆ ಹಚ್ಚಿದ್ದಳು. ಮಾಳಿಗೆಯ ಬೆಳಕಿಂಡಿಯಿಂದ ಹೊಗೆ ಬರುತ್ತಿತ್ತು. ಉಳಿದ ಸವಳನ್ನು ಹಿತ್ತಿಲಲ್ಲಿ ಸುರಿದೆ. ಅಷ್ಟೇ ಮಾಡಿದ್ದು. ಒಂದು ಕಲ್ಲು ಕೀಳಲಿಲ್ಲ, ಒಂದು ಗೋಡೆ ಕೆಡವಲಿಲ್ಲ. ಮಾಡಬೇಕಾದದ್ದನ್ನು ಮಾಡದೆ ಇಳಿದು ಬಂದೆ.

ಎರಡನೇ ಮಳೆಗೇ ಖೋಲಿ ಸೋರಿತು. ಅಕ್ಕ ನಾದಿಟ್ಟ ಜೋಳದ ಹಿಟ್ಟಿನ ಮೇಲೆ ಕೆಸರು ನೀರು ತೊಟ್ಟಿಕ್ಕಿತು. ಅವಳು ಬೋಗುಣಿ ಇಟ್ಟಳು, ಚಾಪೆ ಸರಿಸಿದಳು, ಮತ್ತೆ ಸರಿಸಿದಳು. ಕೊನೆಗೆ ನನ್ನನ್ನೇ ಕರೆದಳು. ಮೇಸ್ತ್ರಿಗೆ ತೋರಿಸುತ್ತೇನೆ ಎಂದೆ.

ಖಾಜಾ ಮೇಸ್ತ್ರಿ ನಮ್ಮ ಮನೆಯ ಕಲ್ಲನ್ನೆಲ್ಲ ಬಲ್ಲವನು, ಅವನ ತಂದೆಯೂ ಇದೇ ಮನೆಯ ಕೆಲಸ ಮಾಡಿದವನು. ಅಕ್ಕ ಅಂಗನವಾಡಿಗೆ ಹೋದ ಹೊತ್ತು ನೋಡಿ ಅವನನ್ನು ಕರೆದೆ. ಅವನು ತೊಲೆಯನ್ನು ಸುತ್ತಿಗೆಯ ಹಿಂಬದಿಯಿಂದ ಈ ತುದಿಯಿಂದ ಆ ತುದಿಯವರೆಗೆ ತಟ್ಟಿದ. ಕಿವಿಗೊಟ್ಟು ಕೇಳಿದ. ಟೊಳ್ಳು ಮರ ಬೇರೆ ದನಿ, ಗಟ್ಟಿ ಮರ ಬೇರೆ ದನಿ. ಕೆಳಗಿಳಿದು ಕೈ ಒರೆಸಿಕೊಳ್ಳುತ್ತ ಹೇಳಿದ — "ಮ್ಯಾಲ ಈ ವರ್ಷ ಸವಳು ಬಿದ್ದಿಲ್ಲ, ಅದಕ್ಕೇ ಸೋರಾಕತ್ತದ. ಮಣ್ಣು ಹಾಕ್ರಿ, ಸಾಕು. ಈ ತೊಲಿ ನಿಮ್ಮ ಮೊಮ್ಮಕ್ಕಳು ಮುದುಕರಾಗೋ ತನಕ ನಿಂದರ್ತದ ಸಾಹೇಬ್ರ."

ಆ ಸಂಜೆ ಅಕ್ಕನ ಖೋಲಿಯ ಬಾಗಿಲಲ್ಲಿ ನಿಂತು ನಾನು ಹೇಳಿದೆ — "ಅಕ್ಕಾ, ಖಾಜಾ ಮೇಸ್ತ್ರಿ ನೋಡ್ಯಾನ. ತೊಲಿ ಒಳಗಿಂದ ಟೊಳ್ಳಾಗ್ಯಾದಂತ. ಈ ಮಳಿಗಾಲ ತಡಿಯಂಗಿಲ್ಲ ಅಂದಾನ."

ಅಕ್ಕ ಮೇಲೆ ನೋಡಿದಳು. ಆಮೇಲೆ ಸ್ಲೇಟು ಹಿಡಿದು ಕೂತಿದ್ದ ಎಂಟು ವರ್ಷದ ರೇಣುಕಾಳನ್ನು ನೋಡಿದಳು. ಎದ್ದು ಮಗಳ ರಟ್ಟೆ ಹಿಡಿದು ಹೊರಗೆ ತಂದಳು. ಮತ್ತೆ ಆ ಖೋಲಿಯೊಳಗೆ ರೇಣುಕಾ ಕಾಲಿಡಲಿಲ್ಲ. ಸಾಮಾನುಗಳನ್ನು ಅಕ್ಕ ಒಬ್ಬಳೇ ಒಳಗೆ ಓಡಿಹೋಗಿ, ಓಡಿಬಂದು, ಒಂದೊಂದಾಗಿ ಹೊರಗೆ ಸಾಗಿಸಿದಳು. ತಲೆಯ ಮೇಲೆ ಒಂದು ಕೈ ಇಟ್ಟುಕೊಂಡು ಓಡುತ್ತಿದ್ದಳು. ನಾನು ಪಡಸಾಲೆಯ ಕಂಬಕ್ಕೆ ಆತು ನಿಂತಿದ್ದೆ. ಮೇಸ್ತ್ರಿಯನ್ನು ಕೇಳಬೇಕು ಎಂದು ಅವಳಿಗೆ ಹೊಳೆಯಲೇ ಇಲ್ಲ. ತಮ್ಮ ಹೇಳಿದ ಮೇಲೆ ಕೇಳುವುದೇನು?

ಕೊಡ್ಲಿಗೆ ಹೋಗು ಎಂದು ನಾನು ಹೇಳಲಿಲ್ಲ. ಪಡಸಾಲೆಯಲ್ಲೇ ಇರುತ್ತಾಳೆ ಎಂದುಕೊಂಡಿದ್ದೆ — ಅಥವಾ ಹಾಗೆ ಅಂದುಕೊಂಡೆನೆಂದು ಆಮೇಲೆ ನಂಬಿಕೊಂಡೆ. ಎಂಟು ದಿನ ಪಡಸಾಲೆಯಲ್ಲಿದ್ದಳು. ಮಹಾದೇವಿಯ ಒಲೆಗೆ ತನ್ನ ಒಲೆ ಅಡ್ಡವಾಗುತ್ತದೆಂದು ಎಂಟು ದಿನವೂ ಹಿತ್ತಿಲಲ್ಲೇ ಅಡುಗೆ ಮಾಡಿದಳು. ಆಮೇಲೆ ಮೈದುನನಿಗೆ ಹೇಳಿ ಕಳಿಸಿ, ಕೊಡ್ಲಿಯ ಮನೆಯ ಅಂಗಳದಲ್ಲಿ ಅವಳ ಪಾಲಿನ ಜಾಗದಲ್ಲಿ ನಾಲ್ಕು ತಗಡು ನಿಲ್ಲಿಸಿಕೊಂಡಳು. ಅಂಗನವಾಡಿಯ ಕೆಲಸ ಬಿಟ್ಟಳು. ಬಸ್ಸು ಹತ್ತಿಸಲು ನಾನೇ ಹೋದೆ, ಟ್ರಂಕು ನಾನೇ ಹೊತ್ತೆ.

ದೀಪಾವಳಿ ಕಳೆದ ಮೇಲೆ ಖೋಲಿ ಕೆಡವಲು ಖಾಜಾ ಮೇಸ್ತ್ರಿಗೇ ಹೇಳಿ ಕಳಿಸಿದೆ. ಅಷ್ಟು ದಪ್ಪ ಚರ್ಮ ಆಗಲೇ ಬಂದಿತ್ತು. ಅವನು ಖಾಲಿ ಖೋಲಿ ನೋಡಿದ, ತೊಲೆ ನೋಡಿದ, ಸೂಗಮ್ಮಕ್ಕ ಎಲ್ಲಿ ಎಂದು ಕೇಳಿದ. ಊರಿಗೆ ಹೋದಳು ಎಂದೆ. ಅವನೇ ಹೇಳಿದನೆಂಬ ಆ ಮಾತನ್ನು ಓಣಿಯಲ್ಲಿ ಯಾರಾದರೂ ಅವನಿಗೆ ಮುಟ್ಟಿಸಿದ್ದಿರಬೇಕು. ಸುತ್ತಿಗೆಯನ್ನು ಚೀಲಕ್ಕೆ ಹಾಕಿಕೊಂಡ. ಈ ಕೆಲಸ ಮತ್ತೊಬ್ಬರಿಗೆ ಹೇಳ್ರಿ ಎಂದು ಹೋದ. ಆಮೇಲೆ ಬಜಾರಿನಲ್ಲಿ ಕಂಡರೆ ಸಲಾಮು ಮಾಡುತ್ತಿದ್ದ, ನಮ್ಮ ಹೊಸ್ತಿಲು ಮಾತ್ರ ತುಳಿಯಲಿಲ್ಲ.

ಚಿತ್ತಾಪುರದ ಮಂದಿ ಬಂದು ಕೆಡವಿದರು. ಮಾಳಿಗೆಯ ಮಣ್ಣು, ಕಲ್ಲಿನ ಹಾಸು ಒಂದು ದಿನಕ್ಕೆ ಇಳಿದವು. ತೊಲೆ ಬೀಳಲಿಲ್ಲ. ನಾಲ್ಕು ಆಳು, ಎರಡು ದಿನ, ಹಾರೆ ಹಾಕಿ ಹಾಕಿ ಕೆಳಗಿಳಿಸಿದರು. ಕೊಯ್ದಾಗ ಒಳಗೆ ಬೆಲ್ಲದ ಬಣ್ಣ, ಒಂದು ಹುಳುವಿನ ತೂತಿಲ್ಲ. ಇಂಥ ಮರ ಈಗ ಸಿಗುವುದಿಲ್ಲ ಎಂದು ಬಡಿಗ ಅಂಗೈಯಿಂದ ಸವರಿದ. ಒಲೆಗೆ ಹಾಕಿದ್ದರೆ ಸಾಕ್ಷಿಯಾದರೂ ಸುಟ್ಟುಹೋಗುತ್ತಿತ್ತು. ಆದರೆ ಒಳ್ಳೆಯ ಮರ ಹಾಳುಮಾಡಲು ನನಗೆ ಮನಸ್ಸು ಬರಲಿಲ್ಲ. ಮರದ ವಿಷಯದಲ್ಲಿ ನಾನು ಬಹಳ ಜೋಪಾನದ ಮನುಷ್ಯ. ಆ ತೊಲೆಯಿಂದ ಮುಂಬಾಗಿಲಿಗೆ ಹೊಸ ಚೌಕಟ್ಟು ಮಾಡಿಸಿದೆ. ಹೊಸ್ತಿಲೂ ಅದೇ.

ಆಮೇಲಿನ ವರ್ಷಗಳೆಲ್ಲ ರಿಪೇರಿಯ ವರ್ಷಗಳು. ಅಡುಗೆಮನೆ ಆಯಿತು, ಬಚ್ಚಲಾಯಿತು. ಮಹಾದೇವಿ ನಿಂತುಕೊಂಡು ಅಡುಗೆ ಮಾಡಿದಳು. ಮಣ್ಣಿನ ಮಾಳಿಗೆ ತೆಗೆಸಿ ಸ್ಲ್ಯಾಬ್ ಹಾಕಿಸಿದೆ. ಸವಳಿನ ಕೆಲಸ ಮುಗಿಯಿತು. ಊರಿನ ಸಿಮೆಂಟ್ ಕಾರ್ಖಾನೆಯ ಧೂಳು ಮೇಲೆ ಕೂತು ನೀರಿನ ದಾರಿ ಕಟ್ಟದಂತೆ ತಿಂಗಳಿಗೊಮ್ಮೆ ಗುಡಿಸುತ್ತೇನೆ. ಗೋಡೆಗೆ ಉಪ್ಪೇರಿ ಗಿಲಾಯಿಯ ಗಾರೆ ಉದುರಿದರೆ ಕೆರೆಸಿ ಮತ್ತೆ ಮಾಡಿಸುತ್ತೇನೆ. ಓಣಿಯಲ್ಲಿ ಯಾರಿಗೆ ಮನೆಯ ಕೆಲಸವಿದ್ದರೂ ನನ್ನನ್ನು ಕೇಳಲು ಬರುತ್ತಾರೆ. ನಾನು ಹೋಗಿ ಗೋಡೆ ತಟ್ಟಿ ನೋಡಿ, ಇದು ಇರಲಿ, ಇದು ತೆಗೆಯಿರಿ ಎನ್ನುತ್ತೇನೆ. ನನ್ನ ಮಾತು ನಂಬುತ್ತಾರೆ.

ಸುಳ್ಳಿಗೆ ಕಾಲಿಲ್ಲ ಎನ್ನುತ್ತಾರೆ. ನನ್ನ ಸುಳ್ಳು ಬಸ್ಸು ಹತ್ತಿ ಕೊಡ್ಲಿಗೆ ಹೋಗಿ ಅಕ್ಕನ ಜೊತೆ ಸಂಸಾರ ಮಾಡಿತು. ಅಂದಿನಿಂದ ಅಕ್ಕನಿಗೆ ಕಲ್ಲಿನ ಮಾಳಿಗೆ, ಸ್ಲ್ಯಾಬು, ತಲೆಯ ಮೇಲಿನ ಭಾರ ಯಾವುದೂ ಆಗದು. ಗುಡಿಯಲ್ಲೂ ಕಟ್ಟೆಯ ಮೇಲೆ ಕೂತು ಕೈ ಮುಗಿಯುತ್ತಾಳೆ. ನಮ್ಮ ಕಡೆಯ ಮೇ ತಿಂಗಳು ಎಂಥದೆಂದು ನಮ್ಮ ಕಡೆಯವರಿಗೇ ಗೊತ್ತು. ತಗಡಿನ ಕೆಳಗೆ ಮಧ್ಯಾಹ್ನ ತಾಮ್ರದ ಕೊಡದ ನೀರು ಕೈಗೆ ಬಿಸಿ ತಾಗುತ್ತದೆ. ಇಪ್ಪತ್ತೆಂಟು ಬೇಸಿಗೆ. ಯಾರಾದರೂ ಕೇಳಿದರೆ ನಗುತ್ತಾಳೆ — "ತಗಡು ಸುಡತದ ಖರೆ, ತಲಿ ಮ್ಯಾಲ ಬೀಳಂಗಿಲ್ಲ." ಅಷ್ಟಕ್ಕೇ ನಿಲ್ಲಿಸಿದ್ದರೂ ತಡೆದುಕೊಳ್ಳಬಹುದಿತ್ತು. ತನ್ನ ಜೀವ, ಮಗಳ ಜೀವ ಉಳಿಸಿದವನು ತಮ್ಮ ಎಂದು ಸೇರಿಸುತ್ತಾಳೆ. ನನ್ನ ಎದುರಿಗೇ, ನನ್ನ ಮಕ್ಕಳ ಎದುರಿಗೇ.

ಪ್ರತಿ ವರ್ಷ ನಾಗರ ಪಂಚಮಿಗೆ ನಾನು ಕೊಡ್ಲಿಗೆ ಹೋಗಿ ಅವಳನ್ನು ಕರೆತರುತ್ತೇನೆ. ಅದೊಂದು ತಪ್ಪಿಸಿಲ್ಲ. ಬೆಳಿಗ್ಗೆ ಹೊಸ್ತಿಲಿಗೆ ಅರಿಸಿನ ಹಚ್ಚಿ ಕುಂಕುಮ ಇಡುವುದು ಅವಳೇ. ಒಳಗೆ ಬರಲು ಅಂಜಿ ಇಡೀ ದಿನ ಮುಂಬಾಗಿಲಲ್ಲೇ, ಚೌಕಟ್ಟಿಗೆ ಬೆನ್ನು ಕೊಟ್ಟು ಕೂರುತ್ತಾಳೆ. ಎದ್ದು ಓಡಲು ಇಲ್ಲಿ ಹತ್ತಿರ ಎನ್ನುತ್ತಾಳೆ. ಅವಳು ಯಾವುದಕ್ಕೆ ಅಂಜಿ ಓಡಿದಳೋ ಅದಕ್ಕೇ ಬೆನ್ನು ಆನಿಸಿ ಕೂತಿರುವುದನ್ನು ನಾನು ಎದುರಿನ ಕುರ್ಚಿಯಿಂದ ನೋಡುತ್ತಿದ್ದೆ. ಏನೂ ಅನಿಸುತ್ತಿರಲಿಲ್ಲ. ಚಹಾ ಕುಡಿಯುತ್ತಿದ್ದೆ.

ಹೋದ ವರ್ಷದ ಬೇಸಿಗೆಯಲ್ಲಿ ಅಕ್ಕ ಒಲೆಯ ಮುಂದೆ ತಲೆಸುತ್ತಿ ಬಿದ್ದಳು. ರೇಣುಕಾ ಈಗ ಚಿಮ್ಮನಚೋಡದಲ್ಲಿ ನರ್ಸು. ಅವಳೇ ಎತ್ತಿಕೊಂಡು ಹೋಗಿ ಸಲೈನ್ ಹಚ್ಚಿಸಿದಳು. ಇನ್ನೊಂದು ಬೇಸಿಗೆ ತಗಡಿನ ಕೆಳಗೆ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಸ್ಲ್ಯಾಬಿನ ಮನೆ ಕಟ್ಟಿಸಲು ರೇಣುಕಾ ತಯಾರಿದ್ದಳು. ಅಕ್ಕ ಒಪ್ಪಲಿಲ್ಲ. ಸ್ಲ್ಯಾಬ್ ಹಾಕಿದರೆ ಅಂಗಳದ ಬೇವಿನ ಕೆಳಗೆ ಇರುತ್ತೇನೆ, ಒಳಗೆ ಬರುವುದಿಲ್ಲ ಎಂದು ಹಟ ಹಿಡಿದಳು. ರೇಣುಕಾ ನನಗೆ ಫೋನ್ ಮಾಡಿದಳು — "ಮಾಮಾ, ನೀವೊಂದ್ ಮಾತು ಹೇಳ್ರಿ. ಅವ್ವ ನಿಮ್ಮ ಮಾತು ಕೇಳ್ತಾಳ."

ಕೇಳುತ್ತಾಳೆ. ಅದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಪಂಚಮಿಯ ದಿನ ಅಕ್ಕ ಎಂದಿನಂತೆ ಚೌಕಟ್ಟಿಗೆ ಆತು ಕೂತು ಹತ್ತಿಯಿಂದ ಬತ್ತಿ ಹೊಸೆಯುತ್ತಿದ್ದಳು. ನಾನು ಮೊದಲು ಅಡ್ಡದಾರಿಗಳನ್ನೇ ಹಿಡಿದೆ. ಈಗಿನ ಕಬ್ಬಿಣ ಗಟ್ಟಿ ಎಂದೆ. ಇಂಜಿನಿಯರನ್ನು ಕರೆತರುತ್ತೇನೆ, ಕಾಲಂ ನಿಲ್ಲಿಸೋಣ ಎಂದೆ. ಅಕ್ಕ ತಲೆ ಅಲ್ಲಾಡಿಸಿದಳು. ಅಂದು ಮೇಸ್ತ್ರಿ ನೋಡಿ ಹೇಳಿದ್ದಕ್ಕೆ ಬದುಕಿದೆವು, ಎಲ್ಲರ ಹಣೆಯಲ್ಲೂ ಅಂಥ ಮೇಸ್ತ್ರಿ ಬರೆದಿರುತ್ತಾನೇನು ಎಂದಳು. ಆಗ ನನಗೆ ಬೇರೆ ದಾರಿ ಉಳಿಯಲಿಲ್ಲ. ಧೈರ್ಯ ಬಂತೆಂದು ಹೇಳಲಾರೆ. ದಾರಿ ಮುಗಿಯಿತು, ಅಷ್ಟೇ.

"ಅಕ್ಕಾ, ಮೇಸ್ತ್ರಿ ಹಂಗ ಅಂದಿದ್ದಿಲ್ಲ. ನಾ ಸುಳ್ಳು ಹೇಳಿದೆ."

ಅವಳ ಕೈಯಲ್ಲಿದ್ದ ಬತ್ತಿ ಪೂರ್ತಿಯಾಗುವ ತನಕ ಕೈ ನಿಲ್ಲಲಿಲ್ಲ. ಅದನ್ನು ಉಳಿದವುಗಳ ಜೊತೆ ಸಾಲಾಗಿ ಇಟ್ಟಳು.

"ಏನಂದಿದ್ದ? ಅಂವ ಅಂದಂಗೇ ಅನ್ನು."

ಅಂದೆ. ಮಣ್ಣು ಹಾಕಿದರೆ ಸಾಕು ಅಂದದ್ದು, ತೊಲೆ ನಿಮ್ಮ ಮೊಮ್ಮಕ್ಕಳು ಮುದುಕರಾಗುವ ತನಕ ನಿಲ್ಲುತ್ತದೆ ಅಂದದ್ದು. ಒಂದು ಶಬ್ದ ಮರೆತಿರಲಿಲ್ಲ. ಮಾಳಿಗೆಯ ಮೇಲೆ ಅವಳ ಖೋಲಿಯ ಗೆರೆಗೆ ಬಂದು ಪುಟ್ಟಿ ಇಟ್ಟದ್ದನ್ನೂ ಹೇಳಿದೆ. ಅಡುಗೆಮನೆಗಾಗಿ ಎಂದೂ ಹೇಳಿದೆ. ಒಳಗೆ ಮಹಾದೇವಿ ಹಂಚಿನ ಮೇಲೆ ಹೋಳಿಗೆ ಬೇಯಿಸುತ್ತಿದ್ದವಳು ಗ್ಯಾಸು ಆರಿಸಿದ ಸದ್ದು ಕೇಳಿತು. ಅವಳಿಗೂ ಇದು ಅಂದೇ ಗೊತ್ತಾದದ್ದು.

"ಆ ತೊಲಿ ಏನ್ ಮಾಡಿದಿ?"

ಅವಳ ಬೆನ್ನ ಹಿಂದಿನ ಚೌಕಟ್ಟಿನ ಮೇಲೆ ಕೈ ಇಟ್ಟು ತೋರಿಸಿದೆ.

ಅಕ್ಕ ಬೆನ್ನು ತೆಗೆದಳು. ತಿರುಗಿ ಅದನ್ನು ನೋಡಿದಳು. ಬೆರಳ ಗೆಣ್ಣಿನಿಂದ, ಮೇಸ್ತ್ರಿಗಳು ತಟ್ಟುವ ಹಾಗೆಯೇ, ಕೆಳಗಿನಿಂದ ಶುರುಮಾಡಿ, ಮೇಲೆ ಮೇಲೆ, ಎದ್ದು ನಿಂತು ಕೈ ಎಟುಕುವ ತನಕ ತಟ್ಟಿದಳು. ಎಲ್ಲ ಕಡೆಯೂ ಒಂದೇ ದನಿ. ಆಮೇಲೆ ಬತ್ತಿಗಳನ್ನು ಒಟ್ಟು ಮಾಡಿ ಮಹಾದೇವಿಯ ಕೈಗೆ ಕೊಟ್ಟಳು. ಊಟಕ್ಕೆ ಏಳಕ್ಕ ಎಂದು ಮಹಾದೇವಿ ಸೆರಗು ಹಿಡಿದು ಅತ್ತಳು. ಬಸ್ಸಿನ ಹೊತ್ತಾಯಿತು ಎಂದಳು ಅಕ್ಕ. ಪ್ರತಿ ಸಲ ಹೋಗುವಾಗ ಬಗ್ಗಿ ಹೊಸ್ತಿಲು ಮುಟ್ಟಿ ಕಣ್ಣಿಗೆ ಒತ್ತಿಕೊಳ್ಳುತ್ತಿದ್ದವಳು ಅಂದು ದಾಟಿ ಹೋದಳು. ಅಂಗಳಕ್ಕೆ ಇಳಿದ ಮೇಲೆ ನಿಂತಳು.

"ಮನಿ ಕಟ್ಟಸ್ತೀನಿ, ಭೀಮು. ಸ್ಲ್ಯಾಬಿಂದೇ ಕಟ್ಟಸ್ತೀನಿ. ನೀ ಆಯೇರಿ ತಗೊಂಡು ಬರಬ್ಯಾಡ."

ಬೈದಿದ್ದರೆ ಬೈಗುಳ ಒಂದು ದಿನಕ್ಕೆ ಮುಗಿಯುತ್ತಿತ್ತು. ನಮ್ಮಲ್ಲಿ ಹೆಣ್ಣುಮಗಳ ಮನೆಯ ಗೃಹಪ್ರವೇಶಕ್ಕೆ ತವರಿನ ಆಯೇರಿ ಮೊದಲು ಬರಬೇಕು. ತಮ್ಮ ತಂದ ಸೀರೆ ಉಟ್ಟು, ತಮ್ಮನನ್ನು ಮುಂದಿಟ್ಟುಕೊಂಡು ಅವಳು ಒಳಗೆ ಕಾಲಿಡಬೇಕು. ಅದು ಬೇಡ ಎಂದರೆ ತವರು ತೀರಿತು ಎಂದು ಅರ್ಥ. ತವರು ತೀರಿಸಿದವನು ನಾನು, ಇಪ್ಪತ್ತೆಂಟು ವರ್ಷದ ಹಿಂದೆ. ಅವಳು ಅದನ್ನು ಬಾಯಿಬಿಟ್ಟು ಹೇಳಿದಳು, ಅಷ್ಟೇ.

ಖಾಜಾ ಮೇಸ್ತ್ರಿ ಈಗಿಲ್ಲ. ಅವನ ಮಗನ ಮನೆಗೆ ಹೋಗಿ, ನಿನ್ನ ತಂದೆಯ ಹೆಸರಿನಲ್ಲಿ ನಾನು ಸುಳ್ಳು ಹೇಳಿದ್ದೆ ಎಂದು ಹೇಳಿ ಬಂದೆ. ಅವನು ಕೇಳಿಸಿಕೊಂಡು ಚಹಾ ತರಿಸಿದ. ನನ್ನ ಮಕ್ಕಳಿಗೂ ಹೇಳಿದೆ. ಅಪ್ಪ ಕೂರಿಸಿಕೊಂಡಿದ್ದ ಇಬ್ಬರು ಹಿರಿಯರೂ ಹೋಗಿದ್ದಾರೆ. ಅದಕ್ಕೇ ಇದನ್ನು ಬರೆದಿಡುತ್ತಿದ್ದೇನೆ. ಇನ್ನು ಯಾರಾದರೂ ತಮ್ಮ ಗೋಡೆ ತೋರಿಸಲು ಬಂದರೆ ಮೊದಲು ಇದನ್ನು ಓದಲು ಕೊಡುತ್ತೇನೆ, ಆಮೇಲೂ ಕರೆದರೆ ಹೋಗುತ್ತೇನೆ. ಆಯೇರಿಗೆಂದು ಒಂದು ಇಳಕಲ್ ಸೀರೆ ತಂದಿದ್ದೆ, ಬೇಡ ಎಂದ ಮೇಲೂ. ಅದು ಟ್ರಂಕಿನಲ್ಲಿದೆ. ಕೊಡ್ಲಿಗೆ ಹೋಗಲಿಲ್ಲ. ಅವಳ ಮಾತನ್ನು ಇದೊಂದು ಸಲವಾದರೂ ಅವಳು ಹೇಳಿದ ಹಾಗೇ ನಡೆಸಬೇಕೆಂದು ಹೋಗಲಿಲ್ಲ.

ಮನೆ ಮುಗಿಯಿತು. ಬೇಸಿಗೆಗೆ ಮುಂಚೆಯೇ ಅಕ್ಕ ಒಳಗೆ ಹೋದಳು. ರೇಣುಕಾ ನನ್ನ ಜೊತೆ ಮಾತು ಬಿಟ್ಟಿದ್ದಾಳೆ. ಆದರೂ ಯಾಕೋ ಒಂದು ಫೋಟೋ ಮಾತ್ರ ಕಳಿಸಿದಳು, ಒಂದು ಅಕ್ಷರವಿಲ್ಲದೆ. ಮಧ್ಯಾಹ್ನದ ಬೆಳಕು, ಮೇಲೆ ಫ್ಯಾನು. ಹೊಸ ನೆಲದ ಮೇಲೆ ಅಕ್ಕ ಅಂಗಾತ ಮಲಗಿ ನಿದ್ದೆ ಹೋಗಿದ್ದಾಳೆ. ಬಾಗಿಲ ಹತ್ತಿರ ಅಲ್ಲ, ನಡುಮನೆಯಲ್ಲಿ, ಸ್ಲ್ಯಾಬಿನ ನಟ್ಟನಡುವೆ.

ಆ ಫೋಟೋ ಬಹಳ ಸಲ ನೋಡಿದ್ದೇನೆ. ಸಂತೋಷವೋ ಸಂಕಟವೋ ಏನೋ ಒಂದು ಬರಬೇಕಿತ್ತು, ಬರುತ್ತಿಲ್ಲ.

ಮಿರಗದ ಮಳೆ ಬಂದು ಹೋಯಿತು. ಪಂಚಮಿ ಹತ್ತಿರ ಬರುತ್ತಿದೆ. ಕರೆಯಲು ಹೋಗುತ್ತೇನೆ, ಅವಳು ಬರುವುದಿಲ್ಲ, ಮುಂದಿನ ವರ್ಷವೂ ಹೋಗುತ್ತೇನೆ. ಹೊಸ್ತಿಲಿನ ಅರಿಸಿನ ಮಾಸಿದೆ, ಹಚ್ಚಬೇಡ ಎಂದು ಮಹಾದೇವಿಗೆ ಹೇಳಿದ್ದೇನೆ. ದಿನಾ ಹತ್ತು ಸಲ ಈ ಬಾಗಿಲಲ್ಲಿ ಹೋಗಿಬರುತ್ತೇನೆ, ಆತುಕೊಳ್ಳುವುದಿಲ್ಲ. ಮನೆಯಲ್ಲಿ ಉಳಿದದ್ದಕ್ಕೆಲ್ಲ ವರ್ಷಕ್ಕೊಂದು ರಿಪೇರಿ ಬರುತ್ತದೆ, ಈ ಚೌಕಟ್ಟಿಗೆ ಮಾತ್ರ ಏನೂ ಬಂದಿಲ್ಲ. ನನ್ನ ಮೊಮ್ಮಕ್ಕಳು ಮುದುಕರಾಗುವ ತನಕ ನಿಲ್ಲುತ್ತದೆ. ಮೇಸ್ತ್ರಿ ಹೇಳಿದ್ದಾನೆ.